ತೊಗಲಿನ ಸೀಟು

ಗೃಹಸ್ಥರು ವಸ್ತುಗಳನ್ನು ಕೊಳ್ಳುವಾಗ ತೋರುವ ವಿವೇಚನೆ ಎಲ್ಲ ವಸ್ತುಗಳಿಗೂ ಸಮನಾಗಿ ಸಲ್ಲುವುದಿಲ್ಲ. ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾರೆ, ಮಡಕೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ, ಸೀರೆಯ ಅಂಚನ್ನು ತಿರುವಿ ನೋಡುತ್ತಾರೆ. ಆದರೆ ಸೈಕಲ್ಲನ್ನು ಕೊಳ್ಳುವಾಗ ಬಣ್ಣವನ್ನೂ ಬ್ರೇಕನ್ನೂ ಗೇರನ್ನೂ ವಿಚಾರಿಸುವ ಜನರು, ಮೈಭಾರದ ಬಹುಪಾಲನ್ನು ಹೊರುವ ಸೀಟಿನ ಬಗೆಗೆ ಒಂದು ಮಾತನ್ನೂ ಕೇಳುವುದಿಲ್ಲ. ಅಂಗಡಿಯವರು ಯಾವುದನ್ನು ಕೂಡಿಸಿರುವರೋ ಅದರ ಮೇಲೆಯೇ ಕೂರುತ್ತಾರೆ. ನಾಲ್ಕು ದಿನ ನೋವುಂಡು, ಅನಂತರ ಸೈಕಲ್ಲನ್ನೇ ಪಡಸಾಲೆಯ ಮೂಲೆಗೆ ಒರಗಿಸುತ್ತಾರೆ. ಹೀಗೆ ಮೂಲೆ ಸೇರಿದ ಸೈಕಲ್ಲುಗಳು ಎಷ್ಟು ಮನೆಗಳಲ್ಲಿಲ್ಲ? ಆದುದರಿಂದ ಈ ಸಣ್ಣ ವಿಷಯವನ್ನು ಕುರಿತು ಓದುಗ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇವೆ.

ನಾವು ಮಠದ ಪಾಠಶಾಲೆಯಲ್ಲಿ ಸಂಸ್ಕೃತ, ಕನ್ನಡಗಳನ್ನು ಓದಿ, ಕರಾವಳಿಯ ಶಾಲೆಗಳಲ್ಲಿ ಅಧ್ಯಾಪನ ಮಾಡಿ, ನಿವೃತ್ತಿಯ ಅನಂತರ ಮುರ್ಡೇಶ್ವರದಲ್ಲಿಯೇ ನೆಲೆಸಿದ್ದೇವೆ. ೧೯೮೬ರಲ್ಲಿ ಕೊಂಡ ಅಟ್ಲಾಸ್ ಸೈಕಲ್ಲು ಇಂದಿಗೂ ನಮ್ಮ ವಾಹನ. ೧೯೫೧ರಲ್ಲಿ ಸೋನೀಪತ್‌ನಲ್ಲಿ ಆರಂಭವಾದ ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ೨೦೨೦ರ ಜೂನ್ ತಿಂಗಳಲ್ಲಿ ನಿಂತುಹೋಯಿತು. ನಮ್ಮ ಸೈಕಲ್ಲು ನಿಂತಿಲ್ಲ. ಆ ಕಾಲದ ರೂಢಿಯಂತೆ ಅದಕ್ಕೆ ದಪ್ಪ ತೊಗಲಿನ ಸೀಟು ಬಂದಿತ್ತು. ಟಯರುಗಳನ್ನು ಹಲವು ಸಲ ಬದಲಿಸಿದ್ದೇವೆ, ಸೀಟನ್ನು ಬದಲಿಸಿಲ್ಲ. ಹೋದ ವರ್ಷ ನಮ್ಮ ಮೊಮ್ಮಗಳಿಗೆ ಅವಳ ತಂದೆ ಹೊಸ ಸೈಕಲ್ಲು ಕೊಡಿಸಿದನು. ಅದರ ಸೀಟು ಹತ್ತಿಯ ದಿಂಬಿನಷ್ಟು ಮೃದು. ಶಿರಾಲಿಯವರೆಗೆ ಹೋಗಿ ಬರುವ ಅಭ್ಯಾಸವನ್ನು ಒಂದು ತಿಂಗಳು ನಡೆಸಿದ ಮೇಲೆ ಅವಳು ನಮ್ಮ ಬಳಿ ಬಂದು, “ಅಜ್ಜಾ, ನನ್ನ ಸೀಟು ಮೆತ್ತಗೈತಿ, ಆದ್ರೂ ನೋಯ್ತೈತಿ. ನಿಮ್ಮದು ಹಲಗಿ ಇದ್ದಂಗೈತಿ, ನಿಮಗ ನೋಯಂಗಿಲ್ಲ. ಯಾಕ?” ಎಂದು ಕೇಳಿದಳು. ಅವಳಿಗೂ ತೊಗಲಿನ ಸೀಟನ್ನೇ ಹಾಕಿಸೋಣವೆಂದು ನಾವು ಹೇಳುತ್ತಲೇ, ನಮ್ಮೊಡನೆ ಇರುವ ಹಿರಿಯಕ್ಕನವರು, “ತಮ್ಮಾ, ಲಿಂಗಪೂಜಿ ಮಾಡೋ ಮನಿಯೊಳಗ ಕೂಸಿಗೆ ತೊಗಲ ಮ್ಯಾಲ ಕೂಡ್ರಸ್ತಿಯೇನು?” ಎಂದರು. ಒಂದು ಪ್ರಶ್ನೆ ದೇಹದ್ದು, ಇನ್ನೊಂದು ಮನಸ್ಸಿನದು. ಎರಡಕ್ಕೂ ಉತ್ತರ ಬೇಕಾಗಿತ್ತು.

ಮೊದಲು ದೇಹದ ಪ್ರಶ್ನೆ. ನೆಟ್ಟಗೆ ಕುಳಿತಾಗ ನಮ್ಮ ಭಾರವನ್ನು ಹೊರುವುದು ಮಾಂಸವಲ್ಲ, ಸೊಂಟದ ಕೆಳಗಿನ ಎರಡು ಎಲುಬಿನ ತುದಿಗಳು. ಸ್ಪಂಜಿನ ಸೀಟಿನ ಮೇಲೆ ಕುಳಿತೊಡನೆ ಈ ತುದಿಗಳು ಒಳಗೆ ಇಳಿಯುತ್ತವೆ. ಅವುಗಳ ನಡುವಿನ ಸ್ಪಂಜು ಮೇಲಕ್ಕೆ ಒತ್ತುತ್ತದೆ. ಆ ನಡುಭಾಗದಲ್ಲಿರುವುದು ನರಗಳು, ರಕ್ತನಾಳಗಳು. ಅಲ್ಲಿ ಒತ್ತಡ ಬಿದ್ದರೆ ಜೋಮು ಹಿಡಿಯುತ್ತದೆ, ಉರಿ ಹುಟ್ಟುತ್ತದೆ. ಅಂಗಡಿಯಲ್ಲಿ ಐದು ನಿಮಿಷ ಸುಖವೆನಿಸಿದ ಮೃದುತ್ವವು ಐದು ಮೈಲಿಯಾದ ಮೇಲೆ ದುಃಖವಾಗುವುದು ಹೀಗೆ. ತೊಗಲಿನ ಸೀಟಿನ ರಚನೆಯೇ ಬೇರೆ. ಅದರ ಅಡಿಯಲ್ಲಿ ಹಲಗೆಯೂ ಇಲ್ಲ, ಸ್ಪಂಜೂ ಇಲ್ಲ. ಒಂದೇ ತುಂಡು ದಪ್ಪ ತೊಗಲನ್ನು ಮುಂದಿನ ಮೂತಿಯಿಂದ ಹಿಂದಿನ ಕಬ್ಬಿಣದ ಪಟ್ಟಿಯವರೆಗೆ ಬಿಗಿದು ರಿವೆಟ್ಟು ಹೊಡೆದಿರುತ್ತಾರೆ. ನಮ್ಮ ಕಡೆಯ ಹಗ್ಗದ ಹೊರಸನ್ನು ನೆನೆದರೆ ತತ್ತ್ವ ತಿಳಿಯುತ್ತದೆ. ತೊಗಲು ಎಲುಬುಗಳ ಅಡಿಯಲ್ಲಿ ಮಾತ್ರ ನಿಧಾನವಾಗಿ ತಗ್ಗುತ್ತದೆ, ನಡುವೆ ಉಬ್ಬುವುದಿಲ್ಲ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಸವಾರನ ಎರಡು ಎಲುಬುಗಳಿಗೆ ತಕ್ಕಂತೆ ಎರಡು ತಗ್ಗುಗಳು ಮೂಡಿ, ಸೀಟು ಅವನದೇ ಆಗಿಬಿಡುತ್ತದೆ.

ಆದರೆ ತೊಗಲಾದ ಮಾತ್ರಕ್ಕೆ ಸುಖ ಬರುವುದಿಲ್ಲ, ಅಗಲವು ಸರಿಯಿರಬೇಕು. ಎಲುಬುಗಳ ನಡುವಿನ ಅಂತರ ಒಬ್ಬೊಬ್ಬರಿಗೆ ಒಂದೊಂದು. ಹೆಂಗಸರಲ್ಲಿ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು. ಇದನ್ನು ಅಳೆಯಲು ನಮ್ಮ ಊರಿನಲ್ಲಿ ಖರ್ಚಿಲ್ಲದ ಸಾಧನವಿದೆ. ಇಳಿತದ ಹೊತ್ತಿನಲ್ಲಿ ಕಂದುಕಗಿರಿಯ ಪಕ್ಕದ ದಂಡೆಗೆ ಹೋಗಿ, ಒದ್ದೆ ಮರಳನ್ನು ಮೊಣಕಾಲೆತ್ತರ ಗುಡ್ಡೆ ಮಾಡಿ, ಮೇಲ್ಭಾಗವನ್ನು ಸಮ ಮಾಡಿ ಗಟ್ಟಿಯಾಗಿ ತಟ್ಟಿ, ಅದರ ಮೇಲೆ ನೆಟ್ಟಗೆ ಕುಳಿತು ಎದ್ದರಾಯಿತು. ಎರಡು ಕುಳಿಗಳು ಸ್ಪಷ್ಟವಾಗಿ ಕಾಣುತ್ತವೆ. ಅವುಗಳ ನಡುಬಿಂದುಗಳ ಅಂತರವನ್ನು ಅಳತೆಪಟ್ಟಿಯಿಂದ ನೋಡಬಹುದು. ಕಡಲಿಲ್ಲದ ಊರಿನವರು ಅಲೆಯಲೆಯಾದ ರಟ್ಟಿನ ತುಂಡನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು ಕುಳಿತರೂ ಗುರುತು ಮೂಡುತ್ತದೆ. ಮೊಮ್ಮಗಳ ಅಳತೆ ೧೨ ಸೆಂಟಿಮೀಟರ್ ಬಂದಿತು. ಸೀಟಿನ ಹಿಂಭಾಗದ ಅಗಲ ಇದಕ್ಕಿಂತ ಹೆಚ್ಚಾಗಿದ್ದು, ಎಲುಬುಗಳ ಎರಡೂ ಪಕ್ಕದಲ್ಲಿ ಒಂದೆರಡು ಬೆರಳಿನಷ್ಟು ತೊಗಲು ಉಳಿಯಬೇಕು. ಇಲ್ಲವಾದರೆ ಎಲುಬು ಕಬ್ಬಿಣದ ಪಟ್ಟಿಯ ಮೇಲೆಯೇ ಕೂರುತ್ತದೆ. ಹ್ಯಾಂಡಲ್ ಎತ್ತರವಾಗಿದ್ದು ನೆಟ್ಟಗೆ ಕುಳಿತು ತುಳಿಯುವವರಿಗೆ ಅಗಲವಾದ, ಸ್ಪ್ರಿಂಗು ಇರುವ ಸೀಟು ಹಿತ. ಮುಂದೆ ಬಾಗಿ ವೇಗವಾಗಿ ಹೋಗುವವರಿಗೆ ಕಿರಿದಾದ, ಸ್ಪ್ರಿಂಗಿಲ್ಲದ ಸೀಟು ತಕ್ಕುದು. ಅಗಲವಾದುದು ಅವರ ತೊಡೆಯನ್ನು ಉಜ್ಜುತ್ತದೆ.

ಇನ್ನು ಬಾಳಿಕೆಯ ಮಾತು. ಅದು ನಿಂತಿರುವುದು ತೊಗಲನ್ನು ಹದಗೊಳಿಸಿದ ರೀತಿಯಲ್ಲಿ. ಕ್ರೋಮಿಯಂ ಲವಣಗಳಿಂದ ಒಂದೆರಡು ದಿನಗಳಲ್ಲಿಯೇ ತೊಗಲನ್ನು ಹದ ಮಾಡಬಹುದು. ಅದು ಮೃದುವಾಗಿ, ಹಿಗ್ಗುವ ಗುಣ ಪಡೆಯುತ್ತದೆ. ಚೀಲಕ್ಕೆ, ಬೂಟಿನ ಮೇಲ್ಭಾಗಕ್ಕೆ ಅದು ಸಾಕು. ಸೀಟಿಗೆ ಬೇಕಾದುದು ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನೆನೆದು ಹದಗೊಂಡ ತೊಗಲು. ತಂಗಡಿಯ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿ ಇವು ನಮ್ಮ ನಾಡಿನ ಹಳೆಯ ಹದ್ದ್ರವ್ಯಗಳು. ತ್ರಿಫಲೆಯಲ್ಲಿ ಒಂದಾಗಿ ಹೊಟ್ಟೆಯನ್ನು ಹದದಲ್ಲಿಡುವ ಅಳಲೆಯೇ ಇಲ್ಲಿ ತೊಗಲನ್ನೂ ಹದಗೊಳಿಸುತ್ತದೆ. ಹೀಗೆ ಹದವಾದ ತೊಗಲು ಬಿಗಿಯಾಗಿರುತ್ತದೆ, ಒತ್ತಿದ ಆಕಾರವನ್ನು ಉಳಿಸಿಕೊಳ್ಳುತ್ತದೆ. ಅಥಣಿ, ನಿಪ್ಪಾಣಿಗಳ ಕಡೆಯ ಚಪ್ಪಲಿಗಳನ್ನು ಮೆಟ್ಟಿದವರಿಗೆ ಇದರ ಸ್ವಭಾವ ಗೊತ್ತು: ಮೊದಲ ವಾರ ಕಾಲನ್ನು ಕಚ್ಚುತ್ತವೆ, ಅನಂತರ ವರ್ಷಗಟ್ಟಲೆ ಕಾಲನ್ನು ಕಾಯುತ್ತವೆ. ಕೊಲ್ಹಾಪುರಿ ಎಂಬ ಹೆಸರಿನ ಆ ಚಪ್ಪಲಿಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು.

ಸೈಕಲ್ ಸೀಟಿನ ವಿದ್ಯೆಯೂ ತೊಗಲಿನ ಕಸುಬಿನಿಂದಲೇ ಹುಟ್ಟಿದುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ೧೮೬೬ರಲ್ಲಿ ಜಾನ್ ಬೋಲ್ಟ್‌ಬೀ ಬ್ರೂಕ್ಸ್ ಎಂಬವರು ಕುದುರೆಯ ಸಾಜುಗಳ ವ್ಯಾಪಾರ ಆರಂಭಿಸಿದರು. ೧೮೭೮ರಲ್ಲಿ ಅವರ ಕುದುರೆ ಸತ್ತಿತು. ಎರವಲು ತಂದ ಸೈಕಲ್ಲಿನ ಸೀಟು ಅಸಹನೀಯವಾಗಿತ್ತು. ಆದುದರಿಂದ ತಾವೇ ಒಳ್ಳೆಯದನ್ನು ಮಾಡಲು ಹೊರಟರೆಂದು ಆ ಸಂಸ್ಥೆ ಹೇಳಿಕೊಳ್ಳುತ್ತದೆ. ೧೮೮೨ರಲ್ಲಿ ಅವರ ಸೀಟಿಗೆ ಪೇಟೆಂಟ್ ದೊರೆಯಿತು. ೨೦೦೨ರಲ್ಲಿ ಇಟಲಿಯ ಸೆಲ್ಲೆ ರಾಯಲ್ ಸಂಸ್ಥೆಯ ಕೈಸೇರಿದರೂ ಆ ಹೆಸರಿನ ತೊಗಲು ಸೀಟುಗಳು ಇನ್ನೂ ಬರುತ್ತಿವೆ. ಆದರೆ ಅವುಗಳಲ್ಲಿ ಒಂದರ ಬೆಲೆಗೆ ನಮ್ಮಲ್ಲಿ ಒಂದು ಸಾಧಾರಣ ಸೈಕಲ್ಲೇ ಬರುತ್ತದೆ.

ಎಲ್ಲಿಯೇ ಕೊಳ್ಳಲಿ, ನೋಡಬೇಕಾದ ಗುರುತುಗಳು ಕೆಲವಿವೆ. ಸೀಟನ್ನು ತಿರುವಿ ಅಡಿಯನ್ನು ನೋಡಬೇಕು. ಅಲ್ಲಿ ಪ್ಲಾಸ್ಟಿಕ್ ತಟ್ಟೆ ಕಂಡರೆ, ಮೇಲಿರುವುದು ತೆಳು ತೊಗಲಾಗಲಿ ರೆಕ್ಸಿನ್ ಆಗಲಿ ಹೊದಿಕೆ ಮಾತ್ರ. ಅಸಲು ತೊಗಲಾದರೆ ಕೆಳಗಿನ ಮೈ ನಾರುನಾರಾಗಿರುತ್ತದೆ. ಅಂಚಿನಲ್ಲಿ ಬಟ್ಟೆಯ ದಾರಗಳು ಕಾಣುವುದಿಲ್ಲ. ದಪ್ಪ ಐದು ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. ಹೆಬ್ಬೆರಳಿನಿಂದ ಎಡಬಲಗಳನ್ನು ಒತ್ತಿದಾಗ ಎರಡೂ ಕಡೆ ಒಂದೇ ಬಿಗಿ ಇರಬೇಕು; ಒಂದು ಕಡೆ ಸಡಿಲವಾದ ತೊಗಲು ಮುಂದೆ ವಾರೆಯಾಗಿ ಜೋಲುತ್ತದೆ. ರಿವೆಟ್ಟುಗಳ ತಲೆ ನುಣುಪಾಗಿರಬೇಕು, ಅವುಗಳ ಸುತ್ತ ತೊಗಲು ಸೀಳಿರಬಾರದು. ಮೂತಿಯ ಅಡಿಯಲ್ಲಿ ಬಿಗಿ ಮಾಡುವ ನಟ್ಟು ತುಕ್ಕು ಹಿಡಿಯದೆ ತಿರುಗಬೇಕು.

ಇಂದು ಸಾಧಾರಣ ಅಂಗಡಿಗಳಲ್ಲಿ ಇಂತಹ ಸೀಟು ಸಿಗುವುದು ಅಪರೂಪ. ಗುಜರಿಯಲ್ಲಿ ದೊರೆತ ಒಂದು ಹಳೆಯ ಸೀಟಿನ ಕಬ್ಬಿಣದ ಚೌಕಟ್ಟನ್ನು ಹಿಡಿದು, ಭಟ್ಕಳದಲ್ಲಿ ಪಾದರಕ್ಷೆ ಹೊಲಿಯುವ ಹಿರಿಯ ಕುಶಲಕರ್ಮಿಯೊಬ್ಬರ ಬಳಿಗೆ ಮೊಮ್ಮಗಳೊಡನೆ ಹೋದೆವು. ಚೌಕಟ್ಟಿನ ಅಗಲ ಅವಳ ಅಳತೆಗೆ ಒಪ್ಪುತ್ತಿತ್ತು. ಅವರು ಎರಡು ಬಗೆಯ ತೊಗಲನ್ನು ನಮ್ಮ ಮುಂದಿಟ್ಟು ಹೇಳಿದರು: “ಮಾಸ್ತರೆ, ಮೆತ್ತಗಿಂದು ಹಾಕಿದ್ರೆ ಆರು ತಿಂಗ್ಳಲ್ಲಿ ಜೋಲ್ತದೆ. ದಪ್ಪದ್ದು ಹಾಕಿದ್ರೆ ಆರು ತಿಂಗ್ಳು ನನ್ನ ಬೈತೀರಿ, ಆಮೇಲೆ ಬೈಯೂದಿಲ್ಲ.” ಶಾಸ್ತ್ರಗ್ರಂಥಗಳಲ್ಲಿ ಸುಖವನ್ನು ಕುರಿತು ಇಷ್ಟು ಸಂಕ್ಷೇಪವಾದ ಸೂತ್ರವನ್ನು ನಾವು ಕಂಡಿಲ್ಲ. ದಪ್ಪದ್ದನ್ನೇ ಆರಿಸಿದೆವು. ಅವರು ತೊಗಲನ್ನು ನೀರಿನಲ್ಲಿ ನೆನೆಸಿ, ಚೌಕಟ್ಟಿನ ಮೇಲೆ ಎಳೆದು ಕಟ್ಟಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ಅನಂತರ ರಿವೆಟ್ಟು ಹೊಡೆದು ಕೊಟ್ಟರು.

ಕೂಡಿಸುವಾಗಲೂ ಎಚ್ಚರ ಬೇಕು. ಪೆಡಲು ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಮೊಣಕಾಲು ನೇರವಾಗುವಂತೆ ಸೀಟಿನ ಎತ್ತರವಿರಲಿ. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ಹಿತವಾಗಿ ಬಾಗುತ್ತದೆ. ಸೀಟು ಸಮವಾಗಿರಲಿ, ಮೂತಿ ಕೂದಲೆಳೆಯಷ್ಟು ಮೇಲಿದ್ದರೂ ಸರಿಯೆ. ಮೂತಿ ಕೆಳಗಾದರೆ ಮೈ ಜಾರಿ ಭಾರವೆಲ್ಲ ಅಂಗೈಗೆ ಬೀಳುತ್ತದೆ. ಮೊದಲ ವಾರಗಳಲ್ಲಿ ಸ್ವಲ್ಪ ಸ್ವಲ್ಪ ದೂರ ಹೋಗಬೇಕು. ಮೂತಿಯ ನಟ್ಟನ್ನು ತೊಗಲು ಕಣ್ಣಿಗೆ ಕಾಣುವಂತೆ ಜೋತಾಗ ಮಾತ್ರ, ಪಾನಾದಿಂದ ಕಾಲು ಸುತ್ತಿನಷ್ಟು ತಿರುಗಿಸಬೇಕು. ಪದೇ ಪದೇ ಬಿಗಿದರೆ ತೊಗಲು ರಿವೆಟ್ಟಿನ ಬಳಿ ಹರಿಯುತ್ತದೆ.

ನಮ್ಮ ಕರಾವಳಿಯಲ್ಲಿ ತೊಗಲಿಗೆ ದೊಡ್ಡ ಶತ್ರು ಮಳೆಗಾಲ. ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮೀರಿ ಸುರಿಯುವ ಸೀಮೆಯಿದು. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೆನೆದ ತೊಗಲಿನ ಮೇಲೆ ಕುಳಿತರೆ ಅದು ಹಿಗ್ಗಿ ಆಕಾರ ಕೆಡುತ್ತದೆ. ಆದುದರಿಂದ ಸೀಟಿನ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಸದಾ ಇರಲಿ. ನೆನೆದರೆ ನೆರಳಿನಲ್ಲಿ, ಗಾಳಿಯಲ್ಲಿ ಒಣಗಿಸಬೇಕು. ಬಿಸಿಲಿಗೋ ಒಲೆಯ ಬಳಿಗೋ ಇಟ್ಟರೆ ಬಿರಿಯುತ್ತದೆ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತೊಗಲಿಗೆಂದೇ ಬರುವ ಮೇಣವನ್ನು ತೆಳುವಾಗಿ ಮೇಲೂ ಕೆಳಗೂ ಸವರಬೇಕು. ತೆಂಗಿನೆಣ್ಣೆಯನ್ನು ಧಾರಾಳವಾಗಿ ಹಚ್ಚುವ ಅಭ್ಯಾಸ ಬೇಡ. ಎಣ್ಣೆ ಕುಡಿದ ತೊಗಲು ಮೆತ್ತಗಾಗಿ ಜೋಲುತ್ತದೆ. ಬೂಷ್ಟು ಬಂದರೆ ಒಣಬಟ್ಟೆಯಿಂದ ಒರೆಸಿ ಗಾಳಿಗಿಡಬೇಕು. ಉಪ್ಪುಗಾಳಿಗೆ ತುಕ್ಕು ಹಿಡಿಯುವ ಸ್ಪ್ರಿಂಗುಗಳಿಗೆ ಮಾತ್ರ ತೊಟ್ಟು ಎಣ್ಣೆ ಸಲ್ಲುತ್ತದೆ.

ಇನ್ನುಳಿದುದು ಅಕ್ಕನವರ ಪ್ರಶ್ನೆ. ಅದನ್ನು ನಾವು ನಗೆಯಾಡಿ ತಳ್ಳಿಹಾಕಲಿಲ್ಲ. ಸತ್ತ ಪ್ರಾಣಿಯ ತೊಗಲು, ಕೊಂದ ಪ್ರಾಣಿಯ ತೊಗಲು ಎಂಬ ಭೇದವನ್ನು ಅಂಗಡಿಯಲ್ಲಿ ನಿಂತು ತಿಳಿಯಲಾಗದು. ಇದನ್ನು ಮರೆಮಾಚಿ ಮಾತನಾಡುವುದು ಸರಿಯಲ್ಲ. ದಯೆಯ ಕಾರಣದಿಂದ ತೊಗಲನ್ನು ತೊರೆಯುವವರ ನಿಲುವು ಗೌರವಾರ್ಹವಾದುದು. ಅಂಥವರಿಗಾಗಿ ಇದೇ ತೂಗುವ ತತ್ತ್ವದ ಮೇಲೆ ರಬ್ಬರು ಮತ್ತು ಹತ್ತಿಬಟ್ಟೆಗಳಿಂದ ಮಾಡಿದ ಸೀಟುಗಳೂ ಈಚೆಗೆ ಬಂದಿವೆ. ಆದರೆ ಮೈಲಿಗೆಯ ಕಾರಣದಿಂದ ತೊರೆಯುವುದಾದರೆ ಅದು ಬೇರೆಯ ಮಾತು. ತೊಗಲನ್ನು ಹದ ಮಾಡುತ್ತಿದ್ದ ಡೋಹರ ಕಕ್ಕಯ್ಯನವರು, ಪಾದರಕ್ಷೆ ಮಾಡುತ್ತಿದ್ದ ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಎಲ್ಲರ ಸಮಕ್ಕೆ ಕುಳಿತವರು. ಕಲ್ಯಾಣದ ಕ್ರಾಂತಿಯ ಅನಂತರ ಶರಣರ ತಂಡ ನಮ್ಮ ಜಿಲ್ಲೆಯ ಉಳವಿಯತ್ತ ಬರುವಾಗ, ಅವರನ್ನು ಕಾಯುತ್ತ ಕಕ್ಕಯ್ಯನವರು ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಪ್ರಾಣವಿತ್ತರೆಂದು ಪರಂಪರೆ ನಂಬುತ್ತದೆ. ಆ ಕೈಗಳನ್ನು ಪೂಜೆಯಲ್ಲಿ ನೆನೆದು, ಆ ಕೈಗಳ ಕೆಲಸವನ್ನು ಹೊಸ್ತಿಲ ಹೊರಗಿಡುವುದು ಹೇಗೆ? ನಾವು ಇಷ್ಟನ್ನು ಹೇಳಿದಾಗ ಅಕ್ಕನವರು ಬಹಳ ಹೊತ್ತು ಸುಮ್ಮನಿದ್ದು, “ಕೂಸು ಕೂಡ್ರಲಿ. ನಾ ಮುಟ್ಟಾಂಗಿಲ್ಲ” ಎಂದರು. ಎಪ್ಪತ್ತು ವರ್ಷಗಳ ರೂಢಿ ಒಂದು ಮಾತಿಗೆ ಕರಗಬೇಕೆಂದು ನಾವೂ ನಿರೀಕ್ಷಿಸಲಿಲ್ಲ. ಅದೂ ತೊಗಲಿನಂತೆಯೇ, ಬಗ್ಗಲು ಕಾಲ ಬೇಕು.

ಸೀಟನ್ನು ಮಾಡಿಸಲು ಹೋಗುವ ಬಂಧುಗಳಿಗೆ ಕಡೆಯದಾಗಿ ಒಂದು ವಿನಂತಿ. ಅಗಲವನ್ನು ಅಳೆಯಿರಿ, ತೊಗಲನ್ನು ತಿರುವಿ ನೋಡಿರಿ, ದಪ್ಪವನ್ನು ಕೇಳಿರಿ. ಇದೆಲ್ಲ ಗಿರಾಕಿಯ ಹಕ್ಕು. ಆದರೆ ಕುಶಲಕರ್ಮಿ ಹೇಳಿದ ಕೂಲಿಯಲ್ಲಿ ಚೌಕಾಸಿ ಮಾಡಬೇಡಿರಿ. ಕಾಯಕವೇ ಕೈಲಾಸವೆಂದು ಮಕ್ಕಳಿಗೆ ಕಲಿಸುವ ನಾವು, ಆ ಮಾತಿನ ಬೆಲೆಯನ್ನು ಮೊದಲು ತೆರಬೇಕಾದುದು ಅಲ್ಲಿಯೆ, ಆ ರಸ್ತೆಬದಿಯ ಗೋಣಿತಟ್ಟಿನ ಎದುರಿನಲ್ಲಿ.