ತಟ್ಟೆ ಹಿಡಿದವರ ನಡುವೆ ದಾರಿ

ಟೋಕನ್ ಪಡೆದು, ತಟ್ಟೆಯನ್ನು ತಾವೇ ಎತ್ತಿಕೊಂಡು, ನಿಂತೇ ತಿಂಡಿ ಮುಗಿಸುವ ದರ್ಶಿನಿ ಎಂಬ ಹೋಟೆಲು ಪದ್ಧತಿ 1980ರ ದಶಕದಲ್ಲಿ ಜಯನಗರದ ಕಡೆಯಿಂದ ಹಬ್ಬಿದ ಮೇಲೆ, ಬೆಂಗಳೂರಿನ ಬೆಳಗಿನ ತಿಂಡಿಯ ಜೊತೆಗೆ ಅದರ ಫುಟ್‌ಪಾತೂ ಬದಲಾಯಿತು. ಒಳಗಿನ ಜಾಗ ಅಡುಗೆಮನೆಗೂ ಕೌಂಟರಿಗೂ ಮುಗಿದುಹೋಗುವುದರಿಂದ, ಖಾರಾಬಾತಿನ ತಟ್ಟೆ ಹಿಡಿದವರು ಹೊರಗಿನ ಎತ್ತರದ ಸ್ಟೀಲ್ ಮೇಜುಗಳ ಸುತ್ತ ನೆರೆಯುತ್ತಾರೆ. ಎಂಜಲು ತಟ್ಟೆಯ ಟಬ್ಬು ಮತ್ತು ಕುಡಿಯುವ ನೀರಿನ ಡ್ರಮ್ಮು ಇವರ ಹಿಂದೆಯೇ ಹೊರಬರುತ್ತವೆ.

ರಸ್ತೆ ನಿರ್ಮಾಣದ ಮಾನದಂಡಗಳನ್ನು ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಪಾದಚಾರಿ ಮಾರ್ಗವನ್ನು ಮೂರು ಪಟ್ಟಿಗಳಾಗಿ ನೋಡುತ್ತದೆ: ಕಟ್ಟಡಕ್ಕೆ ತಾಗಿದ ಅಂಚು, ನಡೆದಾಡುವ ಪಟ್ಟಿ, ಮರಕ್ಕೂ ದೀಪದ ಕಂಬಕ್ಕೂ ಮೀಸಲಾದ ರಸ್ತೆಬದಿ. ನಡೆದಾಡುವ ಪಟ್ಟಿ ಕನಿಷ್ಠ 1.8 ಮೀಟರ್ ಅಗಲವಿರಬೇಕು, ಏಕೆಂದರೆ ಎದುರುಬದುರಾಗಿ ಬಂದ ಎರಡು ಗಾಲಿಕುರ್ಚಿಗಳು ಹಾಯಲು ಅಷ್ಟು ಬೇಕು. ಒಂದೇ ಕುರ್ಚಿ 90 ಸೆಂಟಿಮೀಟರಿನಲ್ಲಿ ಹಾಯುತ್ತದೆ, ತಿರುಗಲು 1.5 ಮೀಟರ್ ಬೇಡುತ್ತದೆ. ಈ ಪಟ್ಟಿಯಲ್ಲಿ 60 ಸೆಂಟಿಮೀಟರಿನ ಮೇಜೊಂದನ್ನು ಇಟ್ಟರೆ ಕಾಗದದ ಮೇಲೆ 1.2 ಮೀಟರ್ ಉಳಿಯುತ್ತದೆ. ನಕ್ಷೆಯಲ್ಲಿ ಮೇಜಿನ ಅಳತೆ ಇರುತ್ತದೆ, ಅದರ ಸುತ್ತ ನಿಲ್ಲುವವರದು ಇರುವುದಿಲ್ಲ. ಎರಡೂ ಬದಿಗೆ ಒಬ್ಬೊಬ್ಬರಂತೆ ಅರ್ಧರ್ಧ ಮೀಟರ್ ಹಿಡಿದರೆ ಉಳಿಯುವುದು ಒಂದು ಗೇಣು. ಮಧ್ಯಾಹ್ನ ಮೂರಕ್ಕೆ ಅಳತೆಪಟ್ಟಿ ಹಿಡಿದು ಬರುವ ಅಧಿಕಾರಿಗೆ ಈ ಜನ ಕಾಣುವುದಿಲ್ಲವಾದ್ದರಿಂದ ಅವರ ವರದಿಯೂ ಸುಳ್ಳಲ್ಲ!

ದಾರಿ ಕೇಳಿದರೆ ತಿನ್ನುವವರು ತಟ್ಟೆ ಮೇಲೆತ್ತಿ ಸರಿಯುತ್ತಾರೆ ಎಂಬುದು ನಿಜ. ಆದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸುಗಮ ಓಡಾಟವನ್ನು ಹಕ್ಕಿನ ಭಾಷೆಯಲ್ಲಿ ಹೇಳಿರುವಾಗ, ಪ್ರತಿ ಮೇಜಿಗೊಮ್ಮೆ 'ಸ್ವಲ್ಪ ದಾರಿ ಬಿಡಿ' ಎಂದು ಕೇಳಿಕೊಳ್ಳಬೇಕಾದುದನ್ನು ಸಾರ್ವಜನಿಕ ಮಾರ್ಗವೆನ್ನಲು ನಾಲಿಗೆ ಹಿಂಜರಿಯುತ್ತದೆ. ಬೇಸತ್ತು ರಸ್ತೆಗೆ ಇಳಿಯೋಣವೆಂದರೂ ಅಂಚುಗಲ್ಲು ಅಡ್ಡವಾಗುತ್ತದೆ. 15 ಸೆಂಟಿಮೀಟರ್ ಎತ್ತರದ ಕಲ್ಲಿಗೆ, 12 ಅಳತೆ ಉದ್ದಕ್ಕೆ 1 ಅಳತೆ ಏರುವ ನಿಯಮದ ಇಳಿಜಾರು ಕಟ್ಟಲು 1.8 ಮೀಟರ್ ಉದ್ದ ಬೇಕು, ಮತ್ತು ಆ ಇಳಿಜಾರು ಇದ್ದ ಕಡೆ ಸಾಮಾನ್ಯವಾಗಿ ತಿಂಡಿಗೆ ಬಂದವರ ಸ್ಕೂಟರು ನಿಂತಿರುತ್ತದೆ.

ಇನ್ನು ಗಾಲಿಕುರ್ಚಿಯವರೇ ತಿಂಡಿಗೆ ಬಂದರೆ, ನಿಂತವರ ಮೊಣಕೈಗೆ ಹೊಂದುವ ಮೇಜು ಕುಳಿತವರ ಗಲ್ಲದ ಮಟ್ಟಕ್ಕೆ ಬರುತ್ತದೆ, ಬಿಸಿ ಕಾಫಿ ತೊಡೆಯ ಮೇಲೆಯೇ ಉಳಿಯುತ್ತದೆ. ಮುಕ್ಕಾಲು ಮೀಟರ್ ಎತ್ತರದ, ಕೆಳಗೆ ಮೊಣಕಾಲು ತೂರುವ ಒಂದು ಮೇಜು ಸಾಕು. ಅದನ್ನು ಫುಟ್‌ಪಾತಿಗೆ ತರದೆ ಸೆಟ್‌ಬ್ಯಾಕಿನಲ್ಲಿ, ಅಂದರೆ ನಿಯಮದಂತೆ ಕಟ್ಟಡದ ಮುಂದೆ ಖಾಲಿ ಬಿಡಬೇಕಾದ ಸ್ವಂತ ಜಾಗದಲ್ಲಿ, ಇಡಬಹುದು. ಆ ಜಾಗದಲ್ಲಿ ಈಗ ಬಹುಪಾಲು ಕಡೆ ಜ್ಯೂಸ್ ಕೌಂಟರು ಇದೆ.