ಕಾಲೇಜಿನ ಜಮಾಖರ್ಚು

ಗೃಹಸ್ಥನಾದವನು ಹಣದ ಲೆಕ್ಕವನ್ನು ಬರೆದಿಡುವುದು ಲೋಕರೂಢಿಯಷ್ಟೆ. ಆದರೆ ಮನೆಯೊಳಕ್ಕೆ ಬಂದ ನೀರೆಷ್ಟು, ಹೊರಕ್ಕೆ ಹೋದ ಕೊಳೆಯೆಷ್ಟು, ಅದು ಹೋಗಿ ಸೇರಿದ್ದೆಲ್ಲಿ ಎಂಬುದನ್ನು ಲೆಕ್ಕವಿಡುವವರು ವಿರಳ. ಶಿರಾ ತಾಲ್ಲೂಕಿನ ನಮ್ಮ ಹುಲಿಕುಂಟೆ ಹೋಬಳಿಯ ಹೆಸರಿನಲ್ಲಿಯೇ ಕುಂಟೆಯುಂಟು. ಕುಂಟೆಯೆಂದರೆ ಸಣ್ಣ ಕೆರೆ. ಮಳೆ ಕಡಮೆಯಾದ ಈ ಸೀಮೆಯಲ್ಲಿ ಊರಿಗೆ ಹೆಸರಿಡುವಾಗಲೂ ಹಿರಿಯರು ನೀರನ್ನು ಮರೆಯಲಿಲ್ಲ. ಈಗ ನಮ್ಮ ಮಕ್ಕಳು ವಿದ್ಯೆಗಾಗಿ ಪಟ್ಟಣಗಳ ವಿದ್ಯಾರ್ಥಿನಿಲಯಗಳಲ್ಲಿ ಇರುವರು. ಅಲ್ಲಿಯ ನೀರಿನ ಲೆಕ್ಕವನ್ನು ಕೇಳುವವರು ಯಾರು? ಈಚೆಗೆ ಅಂತಹ ಒಂದು ಕಾಲೇಜಿನಲ್ಲಿ ಪರಿಸರ ತಪಾಸಣೆ ನಡೆದಾಗ, ಪೋಷಕರ ಪರವಾಗಿ ಜೊತೆಯಲ್ಲಿರಬೇಕೆಂದು ನಮಗೆ ಕರೆ ಬಂದಿತು.

ವಿದ್ಯಾಲಯಕ್ಕೂ ಮಾಲಿನ್ಯದ ಕಾನೂನಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕೊಳೆನೀರನ್ನು ಕುರಿತ 1974ರ ಕಾಯಿದೆ, ಹೊಗೆಯನ್ನು ಕುರಿತ 1981ರ ಕಾಯಿದೆ, 1984ರ ಭೋಪಾಲದ ವಿಷಾನಿಲ ದುರಂತದ ತರುವಾಯ ಹುಟ್ಟಿದ 1986ರ ಪರಿಸರ ಸಂರಕ್ಷಣಾ ಕಾಯಿದೆ, ಇವು ಯಾವುವೂ ಸರಸ್ವತಿಯ ಮಂದಿರವೆಂದು ಬಾಗಿಲಿನಿಂದಲೇ ಹಿಂದಿರುಗುವುದಿಲ್ಲ. 20,000 ಚದರ ಮೀಟರು ಅಥವಾ ಅದಕ್ಕೂ ಮಿಗಿಲಾದ ಕಟ್ಟಡಗಳಿಗೆ ಮೊದಲೇ ಪರಿಸರದ ಅನುಮತಿ ಪಡೆಯಬೇಕೆಂಬ ನಿಯಮದಿಂದ ಶಾಲೆ ಕಾಲೇಜುಗಳನ್ನು ಬಿಡುವ ಅಧಿಸೂಚನೆಯೊಂದು 2025ರ ಜನವರಿಯಲ್ಲಿ ಹೊರಟಿತು. ಅದೇ ವರ್ಷದ ಆಗಸ್ಟ್ 5ರಂದು ಸರ್ವೋಚ್ಚ ನ್ಯಾಯಾಲಯವು ಆ ವಿನಾಯಿತಿಯನ್ನು ತೊಡೆದುಹಾಕಿತು. ನಾವು ಹೋದ ಕಾಲೇಜು ಅಷ್ಟು ದೊಡ್ಡದಲ್ಲ. ಆದರೆ ಅದಕ್ಕೂ ಕೊಳವೆಬಾವಿಯುಂಟು, ಚರಂಡಿಯುಂಟು, ಹೊಗೆಯುಂಟು.

ಮೊದಲು ಕಡತಗಳು ಬಂದುವು. ಗಿಡ ನೆಟ್ಟ ಭಾವಚಿತ್ರಗಳು, ಪ್ರತಿಜ್ಞೆ ಮಾಡಿದ ದಿನದ ವರದಿಗಳು, ‘ಶುದ್ಧ ಕುಡಿಯುವ ನೀರು: ಉಂಟು’ ಎಂಬ ಬರಹ, ಎಲ್ಲವೂ ಅಚ್ಚುಕಟ್ಟು. ತಪಾಸಣೆಗೆ ಬಂದಿದ್ದ ವೃದ್ಧ ರಸಾಯನಶಾಸ್ತ್ರದ ಅಧ್ಯಾಪಕರು ಕಡತವನ್ನು ಮುಚ್ಚಿ, ನೀರು ಬಿಡುವ ಜವಾನನನ್ನು ಕರೆದು, “ಏನಪ್ಪಾ, ಈ ನೀರು ಎಲ್ಲಿಂದ ಬರುತ್ತದೆ? ಎಲ್ಲಿಗೆ ಹೋಗುತ್ತದೆ?” ಎಂದರು. ಅವನು, “ಬನ್ನಿ ಸ್ವಾಮಿ, ತೋರಿಸ್ತೀನಿ” ಎಂದು ಮುಂದೆ ನಡೆದನು.

ಶಿರಾ, ಮಧುಗಿರಿ, ಪಾವಗಡಗಳ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡು ಮಿತಿಮೀರಿರುವುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕೆಂದೂ, ಬೇರೆ ನೀರೇ ದೊರೆಯದೆಡೆಯಲ್ಲಿಯೂ 1.5ನ್ನು ದಾಟಕೂಡದೆಂದೂ ಭಾರತೀಯ ಮಾನಕದ ವಿಧಿ. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಲೆಗಟ್ಟುವುದು. ಇನ್ನೂ ಹೆಚ್ಚಿದರೆ ಮೂಳೆ ಕೀಲುಗಳು ಬಿಗಿಯುವುವು. ಕಾಲೇಜಿನಲ್ಲಿ ಶುದ್ಧೀಕರಣದ ಯಂತ್ರವೇನೋ ನಡೆಯುತ್ತಿದ್ದಿತು. ಆದರೆ ಯಂತ್ರವು ಫ್ಲೋರೈಡನ್ನು ನಾಶಮಾಡುವುದಿಲ್ಲ. ಒಂದು ಪಾಲು ನೀರಿನಿಂದ ತೆಗೆದು, ಉಳಿದ ಪಾಲಿನಲ್ಲಿ ಕೂಡಿಹಾಕಿ ಹೊರಕ್ಕೆ ಬಿಡುವುದು. ಹಾಗೆ ಬಿಟ್ಟ ನೀರು ಕೊಳವೆಬಾವಿಯ ಮಗ್ಗುಲಿನ ಇಂಗುಗುಂಡಿಗೇ ಬೀಳುತ್ತಿದ್ದಿತು. ಪ್ರಯೋಗಶಾಲೆಯ ಆಮ್ಲಗಳನ್ನು ತೊಳೆದ ನೀರೂ ಅಲ್ಲಿಗೇ. ಹಾಲಿನಲ್ಲಿ ಬಿದ್ದ ನೊಣವನ್ನು ತೆಗೆದು ಮತ್ತೆ ಹಾಲಿನ ಕೊಡಕ್ಕೇ ಎಸೆದಂತೆ! ನೀರನ್ನು ಕಡೆಯ ಬಾರಿ ಪರೀಕ್ಷಿಸಿದ ಕಾಗದವು ಎರಡು ವರ್ಷದ ಹಿಂದಿನದು. ನಮ್ಮೊಡನೆ ಬಂದಿದ್ದ ತಾಯಿಯೊಬ್ಬರು, “ನಮ್ಮ ಹುಡುಗಿ ಕುಡಿಯುವುದು ಇದೇ ನೀರಲ್ಲವೇ?” ಎಂದರು. ಯಾರೂ ಮಾತನಾಡಲಿಲ್ಲ.

ಮುಂದೆ ಡೀಸೆಲ್ ಜನರೇಟರು. ಅದರ ಹೊಗೆಕೊಳವೆಯು ಕಟ್ಟಡಕ್ಕಿಂತ ಎಷ್ಟು ಮೇಲೆದ್ದಿರಬೇಕೆಂಬುದಕ್ಕೆ ಒಂದು ಸೂತ್ರವುಂಟು: ಯಂತ್ರದ ಕೆವಿಎ ಸಂಖ್ಯೆಯ ವರ್ಗಮೂಲವನ್ನು 0.2ರಿಂದ ಗುಣಿಸಿದಷ್ಟು ಮೀಟರು. 100 ಕೆವಿಎ ಯಂತ್ರಕ್ಕೆ 2 ಮೀಟರು. ಇಲ್ಲಿಯ ಕೊಳವೆಯು ಗ್ರಂಥಾಲಯದ ಕಿಟಕಿಯ ಸಮಕ್ಕೆ ಬಾಯಿ ತೆರೆದಿದ್ದಿತು. ಇದನ್ನು ಕಾಣಲು ಉಪಕರಣವೇ ಬೇಡ, ಕಣ್ಣು ಸಾಕು.

ಸಂಜೆ ಪ್ರಾಂಶುಪಾಲರು ವಿನಯದಿಂದ, “ಸಾರ್, ಇದನ್ನೆಲ್ಲ ಬರೆದರೆ ಕಾಲೇಜಿನ ಅಂಕ ಹೋಗುತ್ತದೆ. ಸರಿಮಾಡಿಕೊಳ್ಳುತ್ತೇವೆ, ಈ ಸಲ ಬಿಟ್ಟುಬಿಡಿ” ಎಂದರು. ಅವರ ಸಂಕಟವೂ ಸುಳ್ಳಲ್ಲ. ಬೆಂಗಳೂರಿನ ನ್ಯಾಕ್ ಸಂಸ್ಥೆಯು ಕಾಲೇಜುಗಳ ಯೋಗ್ಯತೆಯನ್ನು ತೂಗುವಾಗ ಪರಿಸರ ತಪಾಸಣೆಯ ವರದಿಯನ್ನೂ ಕೇಳಿದುದರಿಂದ ಆ ವರದಿಗೆ ಬೆಲೆ ಬಂದಿತು. ಬೆಲೆ ಬಂದಲ್ಲಿ ಬಣ್ಣ ಬಳಿಯುವ ಆಸೆಯೂ ಬರುವುದು. ಅಧ್ಯಾಪಕರು ನಕ್ಕು, “ರೋಗವನ್ನು ಬಚ್ಚಿಟ್ಟು ವೈದ್ಯನಿಗೆ ಸಂಭಾವನೆ ಕೊಡುವವರುಂಟೇ?” ಎಂದು ಹೇಳಿ, ಕಂಡುದನ್ನು ಕಂಡಂತೆ ಬರೆದರು.

ಅವರು ಸೂಚಿಸಿದ ಪರಿಹಾರಗಳು ದುಬಾರಿಯವಲ್ಲ. ಯಂತ್ರವು ಬಿಟ್ಟ ನೀರನ್ನು ಶೌಚಗೃಹಗಳಿಗೆ ತಿರುಗಿಸಿ ಪಟ್ಟಣದ ಒಳಚರಂಡಿಗೆ ಸೇರಿಸುವುದು, ಆಮ್ಲಗಳನ್ನು ಬೇರೆ ಕೂಡಿಟ್ಟು ಅವುಗಳ ತೀಕ್ಷ್ಣತೆಯನ್ನು ಕಳೆದ ಮೇಲೆಯೇ ಹೊರಕ್ಕೆ ಬಿಡುವುದು, ಮಳೆನೀರನ್ನು ಹಿಡಿಯುವುದು. 1,000 ಚದರ ಮೀಟರಿನ ಮಾಳಿಗೆಯ ಮೇಲೆ 1 ಸೆಂಟಿಮೀಟರು ಮಳೆ ಬಿದ್ದರೆ 10,000 ಲೀಟರು ನೀರು. ಅದರಲ್ಲಿ ಫ್ಲೋರೈಡು ಇಲ್ಲವೆನ್ನುವಷ್ಟು ಅಲ್ಪ. ಈ ಗುಣಾಕಾರವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿದರೆ ಪಾಠವೂ ಆಯಿತು, ನೀರೂ ಆಯಿತು.

ಎರಡು ತಿಂಗಳ ಮೇಲೆ ನಾವು ಪುನಃ ಹೋದೆವು. ಚರಂಡಿಗಳು ಬೇರೆಯಾಗಿದ್ದುವು, ನೀರಿನ ಹೊಸ ಪರೀಕ್ಷೆಯ ಫಲವನ್ನು ನಲ್ಲಿಯ ಪಕ್ಕದಲ್ಲಿ ಅಂಟಿಸಿದ್ದರು. ಹೊಗೆಕೊಳವೆ ಮಾತ್ರ ಇನ್ನೂ ಕಿಟಕಿಯ ಬಳಿಯೇ ಇದ್ದಿತು.

ಆದಕಾರಣ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮಕ್ಕಳನ್ನು ಕಾಲೇಜಿಗೆ ಸೇರಿಸುವ ದಿನ ಶುಲ್ಕವೆಷ್ಟೆಂದು ಕೇಳುವಿರಲ್ಲವೆ? ಅದೇ ಬಾಯಲ್ಲಿ, ನೀರು ಎಲ್ಲಿಂದ ಬರುವುದು, ಎಲ್ಲಿಗೆ ಹೋಗುವುದು ಎಂದೂ ಕೇಳಿರಿ. ಉತ್ತರವನ್ನು ಕಡತದಲ್ಲಿ ತೋರಿಸಹೊರಟರೆ, ನಲ್ಲಿಯ ಬಳಿಗೆ ಕರೆದುಕೊಂಡು ಹೋಗಿರೆನ್ನಿ.