ಆಂಡೀಸ್ ಕಟ್ಟಿ ಮುಗಿದಿಲ್ಲ

ಚಿಲಿಯ ಒಸೋರ್ನೊ ಪಟ್ಟಣದಿಂದ ಪೂರ್ವಕ್ಕೆ ಹೊರಟ ಬಸ್ಸು ಪುಯೆಹ್ವೆ ಸರೋವರದ ದಂಡೆ ಹಿಡಿದು ಆಂಡೀಸ್ ಏರತೊಡಗಿತು. ಮೊದಲು ದನ ಮೇಯುವ ಹುಲ್ಲುಗಾವಲು, ಆಮೇಲೆ ಕೊಯಿಗ್ವೆ ಮರಗಳ ದಟ್ಟ ಕಾಡು. ಅರ್ಜೆಂಟೀನಾದ ಗಡಿ ಹತ್ತಿರವಾದಂತೆ ರಸ್ತೆಬದಿಯ ಮಣ್ಣೇ ಬೇರೆಯಾಯಿತು: ನಸುಬೂದು, ಹರಳುಹರಳು. 2011ರ ಜೂನ್ 4ರಂದು ಕೊರ್ಡೊನ್ ಕೌಯೆ ಜ್ವಾಲಾಮುಖಿ ಬಾಯ್ದೆರೆದು ಕಾರಿದ ಬೂದಿ ಅದು.

ಬಸ್ಸು ನಿಂತಾಗ ಇಳಿದು ಒಂದು ಪ್ಯೂಮಿಸ್ ಕಲ್ಲನ್ನು ಕೈಗೆತ್ತಿಕೊಂಡೆ. ಅಂಗೈ ತುಂಬಿತ್ತು, ತೂಕವೇ ಇಲ್ಲ! ಕಾವಲಿಯ ಮೇಲಿನ ದೋಸೆಯಂತೆ ಮೈಯೆಲ್ಲ ತೂತು. ಕರಗಿದ ಶಿಲೆಯೊಳಗಿನ ಅನಿಲ ಉಕ್ಕಿ ನೊರೆಯಾಗಿ, ಆ ನೊರೆಯೇ ಗಟ್ಟಿಯಾದ ಕಲ್ಲಿದು. ಹಳ್ಳದ ನೀರಿಗೆ ಬಿಟ್ಟೆ, ತೇಲಿಹೋಯಿತು. ಆ ವರ್ಷ ಗಡಿಯಾಚೆಯ ನಹುವೆಲ್ ಹುವಾಪಿ ಸರೋವರದ ಮೇಲೂ ಇಂಥ ಕಲ್ಲುಗಳು ತೇಲಿದ್ದವು. ಬೂದಿಯ ಮೋಡ ಭೂಮಿಯನ್ನೇ ಸುತ್ತಿ ಆಸ್ಟ್ರೇಲಿಯಾದಲ್ಲಿ ವಿಮಾನಗಳನ್ನು ನಿಲ್ಲಿಸಿತ್ತು.

ಇದೇ ಬೆಟ್ಟಸಾಲು 1960ರಲ್ಲಿ ಸಿಡಿದ ಬಗೆ ಇನ್ನೂ ದೊಡ್ಡ ಬೆರಗು. ಆ ಮೇ 22ರಂದು ಚಿಲಿಯ ಕರಾವಳಿಯಲ್ಲಿ 9.5 ಪ್ರಮಾಣದ ಭೂಕಂಪವಾಯಿತು. ಉಪಕರಣಗಳು ದಾಖಲಿಸಿದ ಭೂಕಂಪಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಸುಮಾರು 38 ಗಂಟೆ ಕಳೆಯುವಷ್ಟರಲ್ಲಿ ಇಲ್ಲಿ, ಒಳನಾಡಿನ ಈ ಸಾಲಿನಲ್ಲಿ, ನೆಲ ಕಿಲೋಮೀಟರುಗಟ್ಟಲೆ ಬಿರಿದು ಲಾವಾ ಹರಿಯಿತು.

ಭೂಕಂಪ, ಜ್ವಾಲಾಮುಖಿ ಎರಡಕ್ಕೂ ಮೂಲ ಒಂದೇ. ಪೆಸಿಫಿಕ್ ತಳದ ನಾಸ್ಕಾ ಫಲಕ ವರ್ಷಕ್ಕೆ ಆರೇಳು ಸೆಂಟಿಮೀಟರಿನಂತೆ ದಕ್ಷಿಣ ಅಮೆರಿಕದಡಿ ನುಗ್ಗುತ್ತಿದೆ. ಆಳಕ್ಕಿಳಿದ ಫಲಕ ಬಿಡುವ ನೀರು ಮೇಲಿನ ಬಿಸಿ ಶಿಲೆಯನ್ನು ಕರಗಿಸುತ್ತದೆ. ಜ್ವಾಲಾಮುಖಿಗಳಿಗೆ ಶಿಲಾಪಾಕ ಸಿಗುವುದು ಹೀಗೆ. ಕರಾವಳಿಯ ಬಳಿ ಮಾತ್ರ ಎರಡು ಫಲಕಗಳು ಕಚ್ಚಿಕೊಂಡು, ಮೇಲಿನ ನೆಲ ಶತಮಾನಗಟ್ಟಲೆ ಒತ್ತಡದಲ್ಲಿ ಬಾಗುತ್ತದೆ. ಆ ಹಿಡಿತ ತಪ್ಪಿದ ದಿನ ಖಂಡದ ಅಂಚು ಕಡಲ ಕಡೆ ಜಿಗಿದು, ಹಿಂದಿನ ನೆಲ ಹಿಗ್ಗುತ್ತದೆ. ಹೊರಬರಲು ಕಾದಿದ್ದ ಶಿಲಾಪಾಕಕ್ಕೆ 1960ರಲ್ಲಿ ಹೀಗೆ ದಾರಿ ಸಿಕ್ಕಿತು ಎನ್ನುತ್ತಾರೆ ಭೂವಿಜ್ಞಾನಿಗಳು.

ಬೆಟ್ಟಕ್ಕೆ ಬರುವ ಮೊದಲು ವಾಲ್ಡಿವಿಯಾ ಬಳಿಯ ಕ್ರುಸೆಸ್ ನದಿಯ ಜೌಗನ್ನು ನೋಡಿದ್ದೆ. ಕಪ್ಪು ಕೊರಳಿನ ಹಂಸಗಳು ಈಜುವ ಆ ನೀರು 1960ರವರೆಗೆ ಹುಲ್ಲುಗಾವಲಾಗಿತ್ತು. ಅದೇ ಭೂಕಂಪದಲ್ಲಿ ನೆಲ ಒಂದೆರಡು ಮೀಟರ್ ಕುಸಿದು ನದಿ ಒಳನುಗ್ಗಿತು. ಅಲ್ಲಿ ಮುಳುಗಿದ ಗೋಮಾಳ, ಇಲ್ಲಿ ಬಿರಿದ ಬೆಟ್ಟ: ಒಂದೇ ಘಟನೆಯ ಎರಡು ತುದಿಗಳು.

2011ರ ಸ್ಫೋಟ ಅಡಗಿದ ಮೇಲೆ ಕೊರ್ಡೊನ್ ಕೌಯೆಯ ನೆಲ ಮತ್ತೆ ಉಬ್ಬಿದ್ದನ್ನು ಉಪಗ್ರಹಗಳ ರಾಡಾರ್ ಗುರುತಿಸಿದೆ. ಆಂಡೀಸ್ ಇನ್ನೂ ಕಟ್ಟೋಣದ ಹಂತದಲ್ಲಿದೆ. ಆ ಕೆಲಸವನ್ನು ಅರಿಯಬೇಕಾದವರು ಶಿಖರವನ್ನಷ್ಟೇ ನೋಡಿದರೆ ಸಾಲದು, ಕಡಲತಡಿಯ ಜೌಗಿಗೂ ಹೋಗಿ ಬರಬೇಕು.